ಗಂಗಾರಾಮನ ಕಟ್ಟೆ

"ಇನ್ನೊಂದೀಟು ಓರೆ ಮಾಡ್ರಿ" ಎನ್ನುತ್ತ ನಾಲ್ವರು ಗಂಗಾರಾಮನ ಹೆಣವಿದ್ದ ಮಂಚವನ್ನು ಬಾಗಿಲಲ್ಲೇ ಹಿಡಿದು ನಿಂತರು. ಹೊಸ್ತಿಲು ದಾಟಿದರೆ ಎದುರಿಗೇ ತೇಗದ ಪಟ್ಟಿಗಳ ಅಂದದ ಅಡ್ಡಗೋಡೆ. ಮಂಚ ತಿರುಗುವಂತಿರಲಿಲ್ಲ.

"ಮುರದು ತಗೀರಿ ಅದನ್ನ" ಎಂದಳು ಮಗಳು ರಾಜಶ್ರೀ.

"ಬ್ಯಾಡವಾ, ಛಲೋ ಕೆಲಸ ಐತಿ. ಯಾಕ ಕೆಡಸ್ತಿ?" ಎಂದ ಮಂಚ ಹಿಡಿದವರಲ್ಲೊಬ್ಬ.

"ಹೊರಗ ಕಟ್ಟಿ ಮ್ಯಾಲ ಇಡ್ರೆಪಾ" ಎಂದಳು ಬೀಳಗಿಯಿಂದ ಆಗಷ್ಟೇ ಬಂದಿಳಿದಿದ್ದ ಗಂಗಾರಾಮನ ಅಕ್ಕ ಮಾಯವ್ವ. ಆಮೇಲೆ ತಾನೇ ಹೊರಗೆ ನೋಡಿದಳು. ಕಟ್ಟೆ ಇದ್ದಲ್ಲಿ ಈಗ ಕರಿ ಗ್ರಾನೈಟಿನ ಇಳಿಜಾರು, ಬಿಳಿ ಹರಳು ತುಂಬಿದ ಎರಡು ಕುಂಡ.

ಕೊನೆಗೆ ಮಂಚವನ್ನು ಓಣಿಯಲ್ಲೇ, ಶಾಮಿಯಾನದ ಕೆಳಗೆ ಇಳಿಸಿದರು. ನಿನ್ನೆ ಸಂಜೆ ಹತ್ತಿರದ ಹಳ್ಳಿ ಚಿಮ್ಮಡದಲ್ಲಿ ಗಂಗಾರಾಮ ಕುಳಿತಲ್ಲೇ ಎದೆ ಹಿಡಿದುಕೊಂಡಿದ್ದನಂತೆ. ಅಲ್ಲಿಗೆ ಯಾಕೆ ಹೋಗಿದ್ದ ಎಂಬುದು ರಾಜಶ್ರೀಗೆ ಇನ್ನೂ ಗೊತ್ತಿರಲಿಲ್ಲ.

*

ಎರಡು ವರ್ಷದ ಹಿಂದೆ ಅವಳು ಬೆಳಗಾವಿಯಲ್ಲಿ ಒಳಾಂಗಣ ವಿನ್ಯಾಸ ಕಲಿತು ಬನಹಟ್ಟಿಗೆ ಮರಳಿದಾಗ ಗಿರಾಕಿಗಳು ಕೇಳುತ್ತಿದ್ದುದು ಒಂದೇ: ನೀವು ಮಾಡಿದ ಮನೆ ಯಾವುದು, ತೋರಿಸಿ. ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಇದ್ದವರು ಇಬ್ಬರೇ. ಅಪ್ಪನೇ ಹೇಳಿದ: "ನಮ್ಮ ಮನೀನ ಮಾಡವಾ. ಮಗ್ಗ ಮಾರಿದ ಮ್ಯಾಲ ಪಡಸಾಲಿ ಖಾಲೀನ ಬಿದ್ದೈತಿ."

ಅವಳ ನಕ್ಷೆಯಲ್ಲಿ ಕಟ್ಟೆ ಇರಲಿಲ್ಲ. ಗಂಗಾರಾಮ ಆ ಜಾಗದ ಮೇಲೆ ಬೆರಳಿಟ್ಟ.

"ಮಂದಿ ಬಂದರ ಎಲ್ಲಿ ಕುಂಡ್ರತಾರ?"

"ಒಳಗ ಸೋಫಾ ಹಾಕತೇವಲ್ಲಪಾ."

"ಹಂಗಾದ್ರ ಆತು ಬಿಡು."

ಕರೆಂಟು ಹೋಗಿ ಮಗ್ಗ ನಿಂತಾಗಲೆಲ್ಲ, ಮೂವತ್ತು ವರ್ಷ, ಅವನು ಗೆಳೆಯರೊಡನೆ ಕುಳಿತ ಕಟ್ಟೆ ಅದು. ಕೆಡವುವ ದಿನ ಮೊದಲ ಏಟು ತಾನೇ ಹಾಕಿದ, ಮಗಳು ಫೋಟೋ ತೆಗೆಯಲಿ ಎಂದು. ನಕ್ಕಿದ್ದ ಕೂಡ.

ಮನೆ ಚೆಂದವಾಯಿತು. ಮುಧೋಳ, ಜಮಖಂಡಿಯಿಂದ ಜನ ನೋಡಲು ಬಂದರು. ಬಾಡಗಂಡಿಯ ತೋಟದ ಮನೆಯೊಂದರ ಕೆಲಸ ಸಿಕ್ಕಿತು. ಅಪ್ಪನ ಗೆಳೆಯರು ಮಾತ್ರ ಒಮ್ಮೆ ಬಂದವರು ನೆಲದ ಹೊಳಪು ನೋಡಿ, ತಮ್ಮ ಕಾಲು ನೋಡಿಕೊಂಡು, ಬಾಗಿಲಲ್ಲೇ ಮಾತಾಡಿ ಹೋದರು. ಆಮೇಲೆ ದಿನವೂ ಮಧ್ಯಾಹ್ನ ಅಪ್ಪ ಚಪ್ಪಲಿ ಮೆಟ್ಟಿ ಹೊರಬೀಳತೊಡಗಿದ. "ತಿರಗ್ಯಾಡಿ ಬರತೇನಿ" ಎನ್ನುತ್ತಿದ್ದ. ಡಾಕ್ಟರು ನಡೆಯಲು ಹೇಳಿದ್ದರಿಂದ ಅವಳಿಗೆ ಸಮಾಧಾನವೇ ಆಗಿತ್ತು.

*

ಮಣ್ಣು ಮುಗಿಸಿ ಬಂದ ಮಂದಿ ಒಬ್ಬೊಬ್ಬರಾಗಿ ಹೊರಟರು. ಅಪ್ಪನ ಗೆಳೆಯ, ಚಿಮ್ಮಡದ ಹಾಲಸಿದ್ದಪ್ಪ ಮಾತ್ರ ಇನ್ನಿಬ್ಬರು ಮುದುಕರೊಡನೆ ಎದುರುಮನೆಯ ಗೋಡೆಯ ನೆರಳಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದ. ರಾಜಶ್ರೀ ಅವನ ಮುಂದೆ ಹೋಗಿ ನಿಂತಳು.

"ಕಾಕಾ, ಅಪ್ಪ ನಿಮ್ಮೂರಿಗೆ ಯಾಕ ಬಂದಿದ್ದರಿ?"

"ದಿನಾ ಬರತಿದ್ದ ಯವ್ವಾ, ಮೂರರ ಬಸ್ಸಿಗೆ. ನಮ್ಮ ಕಟ್ಟಿ ಮ್ಯಾಲ ಕುಂತು ಹೊತ್ತ ಮುಣಗೂತನ ಮಾತಾಡತಿದ್ದ."

"ನನಗ ಒಂದ ದಿನಾನೂ ಹೇಳಲಿಲ್ಲ."

"ಕೂಸಿಗೆ ಕೆಟ್ಟ ಅನಸ್ತೈತಿ, ಹೇಳಬ್ಯಾಡ್ರಿ ಅಂದಿದ್ದ." ಮುದುಕ ನೆಲ ನೋಡಿದ. "ಈ ಮನಿ ಫೋಟೋ ಎಲ್ಲಾರಿಗೂ ತೋರಸತಿದ್ದ. ನಮ್ಮ ಹುಡುಗಿ ಮಾಡ್ಯಾಳ ಅಂತ. ನಿನ್ನೇನೂ ಅದನ್ನ ತೋರಸಾಕತ್ತಿದ್ದ."

"ಒಳಗ ಬರ್ರಿ" ಎಂದಳು ಅವಳು.

"ಇಲ್ಲೇ ಛಲೋ ಐತಿ ತಗೋ. ಮಣ್ಣಗಾಲು."

ರಾಜಶ್ರೀ ಒಳಗೆ ಹೋದಳು. ಊಟದ ಮೇಜಿನ ಕುರ್ಚಿಗಳನ್ನು ಒಂದೊಂದಾಗಿ ಎತ್ತಿ ತಂದು ಓಣಿಯಲ್ಲಿ ಸಾಲಾಗಿ ಇಟ್ಟಳು. ಹಾಲುಬಣ್ಣದ ಬಟ್ಟೆ ಹೊದಿಸಿದ ಕುರ್ಚಿಗಳು.

"ಕುಂಡ್ರರಿ ಕಾಕಾ."

ಹಾಲಸಿದ್ದಪ್ಪ ಮೊಣಕಾಲು ಹಿಡಿದು ಎದ್ದ. ಹೆಗಲ ಮೇಲಿನ ಟವಲನ್ನು ಎರಡು ಸಲ ಝಾಡಿಸಿ, ಕುರ್ಚಿಯ ಬಟ್ಟೆ ಎಲ್ಲೂ ಕಾಣದಂತೆ ಹಾಸಿದ. ಆಮೇಲೆ, ಬೆನ್ನು ತಾಗಿಸದೆ, ಅಂಚಿನಲ್ಲಿ ಕುಳಿತ.