ಮೆಣಸಿನದೋ, ಮಾತ್ರೆಯದೋ

ಕೆಂಪಗಿದೆ, ಕಾಲರಿನ ಕೆಳಗೆ, ಅಲ್ಲ, ಕಿಟಕಿಯ ಬಿಸಿಲಿರಬೇಕು, ಬೇಕರಿಯ ಏಪ್ರನ್ನೂ ಬಿಚ್ಚದೆ ಯಾಸ್ನಾ ಮಗಳು ನೆವೆನಾಳ ಅಂಗಿ ಎತ್ತಿದಳು, ಬಿಸಿಲಲ್ಲ, ಎದೆಯಿಡೀ ಕೆಂಪು, ಮೂಗಿಗೆ ಪ್ಲಮ್ ಸಾರಾಯಿಯ ಘಾಟು — ಅತ್ತೇ, ಏನು ಹಚ್ಚಿದ್ರಿ ಇವಳಿಗೆ? — ಏನು ಹಚ್ಚೋದು, ಪ್ಲಮ್ಮಿನ ರಾಕಿಯಾ, ಒಂದು ಚಿಟಿಕೆ ಮೆಣಸಿನಪುಡಿ, ಎರಡೂ ಕಿಟಕಿ ತೆಗೆದಿಟ್ಟು ಹೋಗಿದ್ಯಲ್ಲ ಮಹಾರಾಯ್ತಿ, ಮಗು ಎದುರುಗಾಳೀಲಿ ಕೂತು ಕೆಮ್ತಿತ್ತು, ನಿನ್ನ ಗಂಡನ್ನೂ ಹೀಗೇ ಉಜ್ಜಿ ಸಾಕಿದ್ದು, ಎತ್ತಿನ ಹಾಗೆ ಬೆಳೀಲಿಲ್ವಾ — ಎತ್ತು ಈಗ ಆಸ್ಟ್ರಿಯಾದ ಯಾವುದೋ ಹೆದ್ದಾರಿಯಲ್ಲಿ ಲಾರಿ ಓಡಿಸುತ್ತಿದೆ, ಕೇಳಿದರೆ ಡಾಕ್ಟರನ್ನ ಕೇಳು ಅನ್ನುತ್ತದೆ, ಡಾಕ್ಟರ ಫೋನು ಎಂಗೇಜು, ಕುಂಯ್ ಕುಂಯ್, ಲೈನಿನಲ್ಲಿ ಬೇರೆ ಯಾರದೋ ಮಗು, ಬೇರೆ ಯಾರದೋ ತಾಯಿ — ಕೆಂಪು ಗಂಧೆ ಎದ್ದರೆ ಪ್ರಾಣಕ್ಕೇ ಅಪಾಯ, ಮುಂದಿನ ಮಾತ್ರೆ ಕೊಡಬೇಡಿ, ತಕ್ಷಣ ಕರೆತನ್ನಿ, ಕನ್ನಡಕದ ಮೇಲಿಂದ ನೋಡುತ್ತ ಹೇಳಿದ್ದಳು ಡಾಕ್ಟರಮ್ಮ, ಹಾಗಂತ ಸುಮ್ಮಸುಮ್ಮನೆ ನಿಲ್ಲಿಸಲೂ ಬೇಡಿ, ಸೆಳವು ಇಮ್ಮಡಿಯಾಗಿ ಬಂದೀತು — ಸೆಳವು, ಶಾಲೆಯ ಮೆಟ್ಟಿಲಿಗೆ ನೆವೆನಾಳ ಹಿಮ್ಮಡಿ ಟಪಟಪ ಬಡಿಯುತ್ತಿದ್ದದ್ದು, ಮಕ್ಕಳೆಲ್ಲ ತಿನ್ನುವುದನ್ನು ನಿಲ್ಲಿಸಿ ನೋಡುತ್ತಿದ್ದದ್ದು, ಮಾತ್ರೆ ಶುರುವಾದಂದಿನಿಂದ ದಿನಾ ಕಂಕುಳು, ಬೆನ್ನು, ಮಂಡಿಯ ಹಿಂದೆ, ಕಾಳಿನಲ್ಲಿ ಕಲ್ಲು ಆರಿಸಿದ ಹಾಗೆ ನೋಡಿ ನೋಡಿ, ಈವತ್ತು ಕಣ್ಣಿದ್ದೂ ಕುರುಡಿ, ಯಾವುದು ಮೆಣಸಿನ ಕೆಂಪು, ಯಾವುದು ಮಾತ್ರೆಯ ಕೆಂಪು, ಒದ್ದೆ ಬಟ್ಟೆಯಲ್ಲಿ ಒರೆಸಿದಷ್ಟೂ ಏರುತ್ತಿದೆ — ವಿಟಮಿನ್ ಮಾತ್ರೆ ಅಂತ ನೀನೇ ಅಂದಿದ್ಯಲ್ಲ, ಅದಕ್ಯಾಕೆ ಇಷ್ಟು ಗಾಬರಿ? ಅತ್ತೆ ದೇಸಾಂಕಾ ಬಾಗಿಲಲ್ಲೇ ನಿಂತಿದ್ದಾಳೆ, ಕೈಯಲ್ಲಿ ಇನ್ನೂ ಆ ರಾಕಿಯಾ ಸೀಸೆ — ವಿಟಮಿನ್, ಹೌದು, ಹಳ್ಳಿಯಿಂದ ಬಂದ ಅತ್ತೆಗೆ ಬೇರೇನು ಹೇಳಬೇಕಿತ್ತು, ಹೇಳಿದ್ದರೆ ಭಾನುವಾರದ ಚರ್ಚಿನಂಗಳ ತುಂಬ ಅದೇ ಮಾತು, ಬಿದ್ದು ಒದ್ದಾಡುವ ಹುಡುಗಿ, ಯಾರ ಶಾಪವೋ, ತಾಯಿಯ ಕಡೆಯದೇ ಇರಬೇಕು — ಅದು ವಿಟಮಿನ್ ಅಲ್ಲ ಅತ್ತೆ — ಮತ್ತೇನೇ? — ಯಾಸ್ನಾ ಮತ್ತೆ ನಂಬರು ಒತ್ತಿದಳು, ಕಾಯೋಣವೆ, ಮೆಣಸಿನದಾದರೆ ಇಳಿದೀತು, ಇಳಿಯದಿದ್ದರೆ, ಸಂಜೆಯ ಮಾತ್ರೆ ಕೊಡಲೆ, ಬಿಡಲೆ, ಕೊಟ್ಟರೂ ಕೊಂದವಳು ತಾಯಿ, ಬಿಟ್ಟರೂ ತಾಯಿ, ಕುಂಯ್ ಕುಂಯ್, ಮತ್ತೊಮ್ಮೆ ಒತ್ತಿದಳು — ಅಮ್ಮಾ, ಉರೀತಿದೆ — ಎದೆಯಾ ಚಿನ್ನಾ, ಅಜ್ಜಿ ಹಚ್ಚಿದ್ದಕ್ಕೆ, ಈಗ ಹೋಗತ್ತೆ — ಅಲ್ಲಮ್ಮಾ, ಇಲ್ಲಿ, ನೆವೆನಾ ಕೆಳತುಟಿಯನ್ನು ಬೆರಳಿನಿಂದ ಮಗುಚಿ ತೋರಿಸಿದಳು, ಫೋನಿನೊಳಗೆ ಕೊನೆಗೂ ಯಾರೋ, ಹಲೋ, ಮಕ್ಕಳ ವಿಭಾಗ, ಹೇಳಿ — ತುಟಿಯ ಒಳಗೆ, ಯಾರ ರಾಕಿಯಾದ ಕೈಯೂ ಹೋಗಿರದ ಆ ಒದ್ದೆ ಚರ್ಮದ ಮೇಲೆ, ಕೆಂಪು — ಹಲೋ, ಕೇಳಿಸ್ತಿದೆಯಾ ನಿಮಗೆ — ಕೆಂಪು