ಕಡವಿನ ಕೂಗು

ಟಾರ್ಪಾಲಿನ ನಾಲ್ಕನೇ ಮೂಲೆ ಹಿಡಿಯುವವರಿಲ್ಲದೆ ಪಟಪಟ ಬಡಿದುಕೊಳ್ಳುತ್ತಿತ್ತು. ಕಾರ್ತ್ಯಾಯಿನಿ ಓಡಿಬಂದು ಅದರ ಮೇಲೆ ಕೂತೇಬಿಟ್ಟಳು. ಗಿರಣಿಯ ಕಣದ ತುಂಬ ಕುಚ್ಚಲಕ್ಕಿಗೆಂದು ಬೇಯಿಸಿ ಹರವಿದ ಭತ್ತ. ಮೂರು ಗಂಟೆಗೆ ಚುರುಗುಡುವ ಬಿಸಿಲಿತ್ತು, ಮೂರೂವರೆಗೆ ಪನಮರಂ ಪೇಟೆಯೇ ಕಾಣದ ಹಾಗೆ ಕತ್ತಲು ಕವಿದಿತ್ತು. ದಿನಾ ಆ ನಾಲ್ಕನೇ ಮೂಲೆ ಜಾನುವಿನದು. ಇವತ್ತು ಜಾನು ಇರಲಿಲ್ಲ.

ಬೆಳಿಗ್ಗೆ ಎಲ್ಲರ ಜೊತೆ ಹೊಳೆ ದಾಟಿ ದೋಣಿ ಇಳಿದ ಜಾನು ಕಣದ ಕಡೆ ಬರದೆ ಬಸ್ಸಿನ ಕಡೆ ತಿರುಗಿದ್ದಳು. ಗಿರಣಿಯ ಹೊಸ ಗೋಡೆ ಕಟ್ಟಲು ಬಂದಿದ್ದ ಹುಣಸೂರಿನ ಗಾರೆ ಕೆಲಸದವನು ಅಲ್ಲಿ ಕಾಯುತ್ತಿದ್ದ. "ಅಪ್ಪಂಗೆ ಸಂಜೆ ನೀನೇ ಹೇಳ್ಬುಡಕ್ಕಾ. ನಂಗೆ ಬಾಯಿ ಬರಾಕಿಲ್ಲ," ಎಂದು ಕೈ ಹಿಡಿದು ಹೇಳಿ ಹತ್ತೊಂಬತ್ತರ ಹುಡುಗಿ ಅವನ ಜೊತೆ ಹೊರಟೇ ಹೋಗಿತ್ತು. ಚೆಂದ! ಮಗಳಿಗೆ ಬಾರದ ಬಾಯಿ ಪಕ್ಕದ ಗುಡಿಸಲಿನವಳಿಗೆ ಬರುತ್ತದೆಯೇ? ಕಾರ್ತ್ಯಾಯಿನಿ ಕಾಲಲ್ಲಿ ಭತ್ತ ಕೆದಕುತ್ತ ದಿನವಿಡೀ ಆ ಮಾತನ್ನು ಹತ್ತು ತರಹ ಜೋಡಿಸಿ ನೋಡಿದ್ದಳು. ಹೇಗೆ ಜೋಡಿಸಿದರೂ ಜಾನುವಿನ ಅಪ್ಪ ಕಾಳನ್ ಮಾವನ ಮುಖ ಕಣ್ಣಿಗೆ ಬಂದು ಮಾತು ಕೆಟ್ಟುಹೋಗುತ್ತಿತ್ತು.

ತುಲಾ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗಿ ಒಂದು ಗಳಿಗೆ ಹೊಯ್ದು ಹೋಗುವುದು ಮಳೆಯ ರೂಢಿ. ಇವತ್ತಿನದು ಬೇರೆ. ಗಿರಣಿ ಮಾಡಿನ ಎರಡು ತಗಡು ಎದ್ದು ಹಾರಿ ರಸ್ತೆಯಾಚೆ ಬಾಳೆತೋಟಕ್ಕೆ ಬಿದ್ದವು. "ಭತ್ತ ಹಾಳಾಗೋಗ್ಲಿ, ಒಳಗೆ ಬರ್ರೇ!" ಎಂದು ಮೇಸ್ತ್ರಿ ವಿಜಯನ್ ಕಿರುಚಿದ. ಅವನ ಬಾಯಲ್ಲಿ ಅಂಥ ಮಾತು ಬಂದದ್ದನ್ನು ಯಾರೂ ಯಾವತ್ತೂ ಕೇಳಿರಲಿಲ್ಲ. ಕಾರ್ತ್ಯಾಯಿನಿ ಎದ್ದದ್ದೇ ತಡ, ಟಾರ್ಪಾಲು ಹಾರಿಹೋಯಿತು.

ನಾಲ್ಕೂವರೆಗೆ ಮಳೆ ಸಣ್ಣದಾಯಿತು, ಗಾಳಿ ನಿಲ್ಲಲಿಲ್ಲ. ಹೆಂಗಸರು ದೋಣಿ ಹತ್ತುವ ಕಡವಿಗೆ ಬಂದು ನೋಡಿದರೆ ದಡದ ದೊಡ್ಡ ಹೊಳೆಮತ್ತಿ ಮರ ಬುಡಸಮೇತ ಕಿತ್ತುಬಂದು ದೋಣಿಯ ಮೇಲೇ ಬಿದ್ದಿತ್ತು. ದೋಣಿ ಎರಡು ಹೋಳು. ಅಂಬಿಗ ಸೋಮನ್ ತಲೆ ಮೇಲೆ ಕೈ ಹೊತ್ತು ಕೂತಿದ್ದ.

"ನಮ್ಗೂ ಒಂದು ಜಿಲ್ಲೆ ಆಯ್ತು, ಕಲೆಕ್ಟ್ರು ಬಂದ್ರು, ಜೀಪು ಬಂತು. ಈ ಹೊಳೆ ದಾಟಾಕೊಂದು ಪಾಲಂ ಮಾತ್ರ ಕಟ್ಲಿಲ್ಲ ನೋಡಿ," ಎಂದು ಅವನು ಸಿಟ್ಟೆಲ್ಲ ಕಾರಿಕೊಂಡ. "ನಾಳೆ ಬೇರೆ ತೋಣಿ ತರ್ಸೋಗಂಟ ಯಾರೂ ದಾಟಂಗಿಲ್ಲ. ಗಿರಣೀಲೇ ಮಲಿಕ್ಕೊಳ್ಳಿ."

ಹೀಗಾದಾಗ ಆಚೆ ದಡದವರು ಹೊಳೆಯ ಹತ್ತಿರ ಬಂದು ತಮ್ಮತಮ್ಮವರ ಹೆಸರು ಹಿಡಿದು ಕೂಗುತ್ತಾರೆ. ಈಚೆಯಿಂದ ಒಂದು 'ಕೂ' ಬಂದರೆ ಆಳು ಸುಖವಾಗಿದೆ ಎಂದು ಮನೆಗೆ ಹೋಗುತ್ತಾರೆ. ಅವತ್ತು ಗಾಳಿ ಆಚೆಯಿಂದ ಬೀಸುತ್ತಿದ್ದರಿಂದ ಅಲ್ಲಿಯ ಮಾತು ಇಲ್ಲಿಗೆ ಪೂರಾ ಕೇಳುತ್ತಿತ್ತು. ಇಲ್ಲಿಂದ ದಾಟಿ ಹೋಗುತ್ತಿದ್ದುದು ಬರೀ ಕೂ.

ಚಿರುತಳನ್ನು ಅವಳ ಮಗ ಕೂಗಿದ. ಶಾಂತಳನ್ನು ಗಂಡ ಕೂಗಿದ, ಹಾಗೇ ನಾಲ್ಕು ಬೈಗುಳವನ್ನೂ ಕಳಿಸಿದ. "ಹೊಳೆ ಅಡ್ಡ ಬಂದ್ರೂ ಬೈಯಾದು ಬಿಡಾಕಿಲ್ಲ ನನ್ನ ಗಂಡ!" ಎಂದು ಶಾಂತ ನಗುತ್ತಲೇ ಕೂ ಹಾಕಿದಳು. ಅವಳ ಮುಖ ಬೆಳಗಿದ್ದನ್ನು ಕಾರ್ತ್ಯಾಯಿನಿ ನೋಡಿದಳು. ತನ್ನನ್ನು ಕೂಗಲು ಹೋದ ವರ್ಷ ಅವ್ವ ಬಂದಿದ್ದಳು. ಮೇ ತಿಂಗಳಲ್ಲಿ ಅವ್ವ ತೀರಿಕೊಂಡಳು. ಇನ್ನು ಯಾರೂ ಇಲ್ಲ ಎಂಬುದು ಗೊತ್ತಿದ್ದ ವಿಷಯವೇ. ಆದರೂ ಒಂದೊಂದು ಹೆಸರು ಬಂದಾಗಲೂ ಕಿವಿ ಕೊಟ್ಟು ನಿಂತಿದ್ದಳು, ಹಾಗೆ ನಿಂತದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

"ಬಾರೇ, ಹೋಗಾನ," ಎಂದಳು ಚಿರುತ.

"ನೀವು ನಡೀರಿ, ಬತ್ತೀನಿ."

ಅವರು ಹೋದ ಮೇಲೆ ಆಚೆ ದಿಬ್ಬದಿಂದ ಕಾಳನ್ ಇಳಿದು ಬಂದ. ತಲೆಯ ಮೇಲೆ ಮಳೆಗೆ ಓಲೆಯ ಗೊರಬು, ಕೈಯಲ್ಲಿ ಕೋಲು. "ಜಾನೂ! ಓ ಜಾನೂ!" ಎಂದು ಕೂಗಿ ಕಾದ. ಮತ್ತೆ ಕೂಗಿದ. ಮೂರನೇ ಸಲ ದನಿ ಒಡೆಯಿತು. ಕೋಲೂರಿ ನೀರಿಗೆ ಇಳಿದ. ಕೆಂಪು ನೀರು ಅವನ ಮೊಳಕಾಲು ದಾಟಿತು.

"ಅಯ್ಯಯ್ಯೋ, ಮುದುಕ ಇಳೀತಾವ್ನೆ!" ಸೋಮನ್ ಎದ್ದು ನಿಂತ. "ತೇಲಿ ಹೋಯ್ತಾನೆ ಕಣೇ! ಜಾನು ಎಲ್ಲಿ?"

ಕಾರ್ತ್ಯಾಯಿನಿ ಎರಡೂ ಕೈ ಬಾಯಿಗೆ ಹಿಡಿದು, ನಲವತ್ತರ ಗಂಟಲನ್ನು ಬಿಗಿಹಿಡಿದು, ಎಳೆ ಹುಡುಗಿಯ ಹಾಗೆ ಸಣ್ಣಗೆ, ಮೇಲೆತ್ತಿ, ಕೂ ಎಂದಳು.

ಮುದುಕ ನಿಂತ. ಕಣ್ಣು ಮಂಜಾದವನಿಗೆ ಈ ದಡದ ಆಕಾರ ಯಾರದೆಂದು ಕಾಣುವಂತಿರಲಿಲ್ಲ. ಹಿಂದೆ ಹಿಂದೆ ಸರಿದು ದಡ ಹತ್ತಿದ. ಸೋಮನ್ ಬೆಪ್ಪಾಗಿ ಅವಳನ್ನೇ ನೋಡಿದ.

"ನಾಳೆ ನಾನೇ ಹೋಗಿ ಎಲ್ಲಾನೂ ಹೇಳ್ತೀನಿ. ಈಗ ಸುಮ್ಕಿರಣ್ಣ," ಎಂದಳು ಅವಳು.

"ಅಲ್ಲೇ ಇರು ಕೂಸೇ!" ಕಾಳನ್ ಕೂಗುತ್ತಿದ್ದ. "ನೆಂದ ಬಟ್ಟೇಲಿ ಮಲಗ್ಬೇಡ! ತಲೆ ಒರೆಸ್ಕೊ! ಮೀನ್ಸಾರು ಎತ್ತಿಟ್ಟಿರ್ತೀನಿ!"

ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡಳು. ತನಗೇ ಹೇಳಿದ ಹಾಗೆ ಸೆರಗಿನಿಂದ ತಲೆ ಒರೆಸಿಕೊಂಡಳು, ಆಮೇಲೆ ನಾಳೆಯ ನೆನಪಾಯಿತು. ನಾಳೆ ಈ ಮುದುಕ ಸಾರಿನ ಮಡಕೆಯ ಮುಂದೆ ಕೂತಿರುತ್ತಾನೆ, ತಾನೊಬ್ಬಳೇ ದೋಣಿ ಇಳಿಯಬೇಕು.

ಕಾಳನ್ ನಾಲ್ಕು ಹೆಜ್ಜೆ ಹೋದವನು ತಿರುಗಿದ.

"ಕಾರ್ತ್ಯಾಯಿನಿ ನಿನ್ ಜೊತೇಲಿ ಅವ್ಳಾ? ಪಾಪ, ಅವ್ಳನ್ನ ಕೇಳೋರು ಯಾರೂ ಇಲ್ಲ! ನಿನ್ ಪಕ್ಕದಾಗೇ ಮಲಗಿಸ್ಕೊ! ಅವ್ಳಿಗೂ ಒಂದು ಕೂ ಹಾಕಾಕೆ ಹೇಳು!"

ಕಾರ್ತ್ಯಾಯಿನಿ ಬಾಯಿ ತೆರೆದಳು. ಆಚೆ ಮುದುಕ ಕಿವಿಯ ಹಿಂದೆ ಕೈ ಇಟ್ಟು ಕಾಯುತ್ತಿದ್ದ.

"ಕಾರ್ತ್ಯಾಯಿನೀ! ಓ ಕಾರ್ತ್ಯಾಯಿನೀ!"

ಎರಡನೇ ಕೂ ಹೊರಟಿತು. ದಪ್ಪಗೆ, ಒರಟಾಗಿ, ಅವಳದೇ ದನಿಯಲ್ಲಿ. ಮುದುಕ ಕೋಲೆತ್ತಿ ಆಡಿಸಿದ, ಗೊರಬು ಸರಿಮಾಡಿಕೊಂಡು ದಿಬ್ಬ ಹತ್ತಿ ಮರೆಯಾದ. ಆಚೆ ದಡದಲ್ಲಿ ಮತ್ತಾರೂ ಉಳಿದಿರಲಿಲ್ಲ. "ಸಾಕು ಕಣೇ, ಕೇಳಿಸ್ತು ಅವ್ನಿಗೆ," ಎಂದ ಸೋಮನ್. ಅವಳು ಕೂಗುತ್ತಲೇ ಇದ್ದಳು.