ಡಬ್ಬಿಯೊಳಗಿನ ಕೈ

“ಬಲಗೈ ಕೊಡೇ,” ಎಂದು ಸಪ್ಪಲಮ್ಮ ಎಳೆದಳು. ಅವಳ ತಮ್ಮ ಸಂಜೀವಪ್ಪನ ಶವ ಅಂಗಳದಲ್ಲಿತ್ತು. ಅವನ ಹೆಂಡತಿಯ ಎಡಗೈ ಬಳೆಗಳನ್ನು ಅವಳು ಆಗಲೇ ಒಡೆದಿದ್ದಳು. ಮುನಿತಾಯಮ್ಮ ಸೆರಗಿನೊಳಗಿಂದ ಬಲಗೈ ತೆಗೆದಳು. ಅದರಲ್ಲಿ ಒಂದೂ ಬಳೆ ಇರಲಿಲ್ಲ.

“ಅಯ್ಯೋ, ಗಂಡ ಇದ್ದಾಗ್ಲೇ ಬರಿಗೈಯೇನೇ?”

“ನೀರು ಸೇದುವಾಗ ಒಡೆದೋದ್ವು, ಅಕ್ಕ.”

ಜಗಲಿಯ ಮೇಲಿದ್ದ ವೆಂಕಟರಾಯಪ್ಪ ತಲೆಯೆತ್ತಿದರು. ವಿಜಯಪುರದಲ್ಲಿ ಅವರದು ರೇಷ್ಮೆ ಹುರಿ ಕಾರ್ಖಾನೆ. ಬಿಳಿಯರ ಕಾಲದ ಬಿಸ್ಕತ್ತು, ಟೀ ಡಬ್ಬಿಗಳನ್ನು ಕೂಡಿಡುವುದು ಅವರ ಹುಚ್ಚು. ಅವುಗಳ ತಗಡಿನಲ್ಲಿ ಬಿದ್ದ ತಗ್ಗು ತೆಗೆದು ಸಮ ಮಾಡಲೆಂದೇ ಸಂಜೀವಪ್ಪನನ್ನು ತಮ್ಮದೇ ಆದ ಈ ಮನೆಯಲ್ಲಿ ಇರಿಸಿದ್ದರು. ಒಂದು ಡಬ್ಬಿ ಮುಗಿಯುವ ಮೊದಲೇ ಇನ್ನೊಂದು ಬರುತ್ತಿತ್ತು. ಮದುವೆಯಾದಾಗಿನಿಂದ ಮುನಿತಾಯಮ್ಮ ತವರಾದ ಮಧುರೆ ಹಳ್ಳಿಯಲ್ಲಿ ಒಂದು ರಾತ್ರಿ ತಂಗಿದವಳಲ್ಲ.

“ನಿಂಗೇನಾದ್ರೂ ಕೆಲ್ಸ ಹೇಳ್ಕೊಟ್ಟಿದ್ನೇನಮ್ಮ?”

“ಇಲ್ಲ ಯಜಮಾನ್ರೆ. ನಾನು ಒಲೆ ಮುಂದಿರೋಳು.”

“ಹಂಗಾದ್ರೆ ಇಲ್ಲಿದ್ದು ಏನ್ಮಾಡ್ತೀಯ? ತಿಥಿ ಮುಗಿಸ್ಕೊಂಡು ತವರಿಗೆ ಹೋಗು.”

ಅವಳ ಅಣ್ಣ ಪಿಳ್ಳಪ್ಪ ನೆಮ್ಮದಿಯ ಉಸಿರುಬಿಟ್ಟ. ಅವನು ಉಳುತ್ತಿದ್ದುದು ವೆಂಕಟರಾಯಪ್ಪನವರ ಹೊಲ. ಅವರು ಬೇಡವೆಂದಿದ್ದರೆ ತಂಗಿಯನ್ನು ಕರೆಯುವ ಧೈರ್ಯ ಅವನಿಗಿರಲಿಲ್ಲ.

ಚಟ್ಟ ಎತ್ತುವಾಗ ಒಬ್ಬ ಪಿಸುಗುಟ್ಟಿದ: “ಗುಂಡಿ ಬೇಗ ಮುಚ್ರಪ್ಪ. ತಗ್ಗು ಕಂಡ್ರೆ ಎದ್ದು ಕೂತ್ಬಿಟ್ಟಾನು.”

*

ಡಬ್ಬಿಗಳ ಬಾಯಿ ಕಿರಿದು, ಸಂಜೀವಪ್ಪನ ಕೈ ದಪ್ಪ. ಹೀಗಾಗಿ ಅವನು ಇದ್ದಷ್ಟು ದಿನ ಹುಣಿಸೆಮರದ ಮೊಂಡು ಕಡ್ಡಿ ಹಿಡಿದು ಒಳಗೆ ಹೋಗುವ ಕೈ ಮುನಿತಾಯಮ್ಮನದಾಗಿತ್ತು. ಅವನು ಡಬ್ಬಿಯ ಹೊರಗಿನ ಚಿತ್ರದ ಮೇಲೆ ಕಣ್ಣಿಟ್ಟು ಎಲ್ಲಿ ಒತ್ತಬೇಕೆಂದು ಹೇಳುತ್ತಿದ್ದ. ಬಳೆ ತಗಡನ್ನು ಗೀರೀತೆಂದು ಬಲಗೈ ಸದಾ ಬರಿದು.

“ಅಂಚಿಂದ ಸುತ್ತಿ ಸುತ್ತಿ ಮಧ್ಯಕ್ಕೆ ಬಾ. ಮೊದ್ಲೇ ಮಧ್ಯಕ್ಕೆ ಒತ್ತಿದ್ರೆ ತಗಡು ಹಿಗ್ಗುತ್ತೆ, ಆಮೇಲೆ ಜನ್ಮಕ್ಕೂ ಕೂರಲ್ಲ.”

“ಅರ್ಧ ಕೆಲ್ಸ ನಂದು ಅಂತ ಯಜಮಾನ್ರಿಗೆ ಹೇಳೋಕೇನು ನಿಂಗೆ?”

ಅವನು ನಗಲಿಲ್ಲ. “ಗೊತ್ತಾದ್ರೆ ನಿನ್ನೂ ಬಿಡಲ್ಲ ಕಣೇ. ಒಬ್ಬ ಸಿಕ್ಕೊಂಡಿರೋದು ಸಾಕು.”

*

ಮಣ್ಣು ಮಾಡಿ ಬಂದವರು ಶವವಿದ್ದ ಜಾಗದ ದೀಪ ನೋಡಿ ಒಬ್ಬೊಬ್ಬರಾಗಿ ಹೊರಟರು. ಪಕ್ಕದ ಮನೆಯಿಂದ ಮುದ್ದೆ, ಸಾರು ಬಂದಿತ್ತು. ಸಪ್ಪಲಮ್ಮ ಸಾರಿನ ಬೋಸಿಯ ತಗ್ಗು ಬಿದ್ದ ಮುಚ್ಚಳ ತೆಗೆದು ಮುನಿತಾಯಮ್ಮನ ಕೈಗಿತ್ತಳು.

“ಕನಕಾಂಬರ ಹಾಕಿದೀವಿ,” ಎಂದ ಪಿಳ್ಳಪ್ಪ. “ಬೆಳಿಗ್ಗೆ ನೀನೂ ನಿಮ್ಮತ್ತಿಗೇನೂ ಹೂ ಬಿಡಿಸಿದ್ರೆ, ಮಧ್ಯಾಹ್ನ ಯಾರೂ ನಿನ್ನ ಕರೆಯಲ್ಲ. ಮಲಿಕ್ಕೋ, ಎಲ್ಲಾದ್ರೂ ಹೋಗು.”

ಯಾರೂ ಕರೆಯದ ಮಧ್ಯಾಹ್ನ. ಅವಳು ಅದನ್ನೇ ಕಣ್ಣಮುಂದೆ ತಂದುಕೊಳ್ಳುತ್ತಿದ್ದಳು. ಮಡಿಲಲ್ಲಿದ್ದ ಮುಚ್ಚಳವನ್ನು ಬೆರಳುಗಳು ಯಾವಾಗ ಮಗುಚಿದವೋ ಅವಳಿಗೆ ತಿಳಿಯಲಿಲ್ಲ. ಹೆಬ್ಬೆರಳು ತಗ್ಗಿನ ಅಂಚು ಹಿಡಿದು ಸುತ್ತಿತು, ಇನ್ನೂ ಒಳಗೆ ಸುತ್ತಿತು.

ಟಕ್.

ಹೊಸ್ತಿಲಾಚೆ ಚಪ್ಪಲಿ ಮೆಟ್ಟುತ್ತಿದ್ದ ವೆಂಕಟರಾಯಪ್ಪ ತಿರುಗಿದರು. ಬಂದು, ಮುಚ್ಚಳವನ್ನು ಅವಳ ಕೈಯಿಂದ ತೆಗೆದುಕೊಂಡು, ದೀಪದ ಬೆಳಕಿಗೆ ಓರೆಯಾಗಿ ಹಿಡಿದರು. ಬೆಳಕು ಎಲ್ಲಿಯೂ ಮುರಿಯದೆ ಈ ಅಂಚಿನಿಂದ ಆ ಅಂಚಿಗೆ ಜಾರಿತು.

ಪಿಳ್ಳಪ್ಪ ಎದ್ದು, ಚಾಪೆಯ ಮೇಲೆ ಅವರಿಗೆ ಜಾಗ ಬಿಟ್ಟ.